‘ಏನಾಗಂಗಿಲ್ಲ ಬಿಡ್ರಿ’ ಸಾಹೇಬರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಏನಾಗಂಗಿಲ್ಲ ಬಿಡ್ರಿ ಅವರು,
ಅಖಿಲ ಕರ್ನಾಟಕ ಯಂತ್ರ ನಿರ್ವಹಣಾಧಿಕಾರಿಗಳು (ಸ್ವಯಂಘೋಷಿತ),
ಕ್ಯಾಂಪ್: ಹಿನ್ನೀರಿನ ದಂಡೆ, ಆಲಮಟ್ಟಿ.

ವಿಷಯ: ನಡುನೀರಿನಲ್ಲಿ ಬೋಟಿನ ಇಂಜಿನ್ ನಿಲ್ಲುವ ಕುರಿತು.
ಉಲ್ಲೇಖ: ತಮ್ಮ ಮೌಖಿಕ ಆದೇಶ, ದಿನಾಂಕ: ದಿನಾಲೂ.

ಸಾಹೇಬರೇ,

ತಮ್ಮನ್ನು ಕಾಣದ ಮನುಷ್ಯ ನಮ್ಮ ಭಾಗದಲ್ಲಿ ಯಾರೂ ಇಲ್ಲ. ಬೋರಿನ ಮೋಟರು ಸುಟ್ಟ ವಾಸನೆ ಬಿಟ್ಟಾಗ ಹೊಲದ ಬದುವಿನಲ್ಲಿ ನಿಂತು ಅಭಯ ಕೊಡುವವರು ತಾವು. ಬ್ರೇಕು ಕಿರುಗುಟ್ಟುವ ಟಂಟಂನಲ್ಲಿ ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ ಕುಳಿತಿರುವವರೂ ತಾವೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಆಲಮಟ್ಟಿಗೆ ಬರುವ ಜನ ಡ್ಯಾಮು ನೋಡಿ, ರಾಕ್ ಗಾರ್ಡನ್ ಸುತ್ತಿ, ಸಂಗೀತ ಕಾರಂಜಿಗೆ ಇನ್ನೂ ಹೊತ್ತಿದೆ ಎಂದಾಗ ಬೋಟಿನ ಕಡೆ ತಿರುಗುತ್ತಾರೆ. ಅಲ್ಲಿ ಯಾರೋ ಒಬ್ಬ ಅಜ್ಜಿ, ‘ತಮ್ಮಾ, ಇದು ನಡುವ ನಿಂತ್ರ ಏನ್ ಮಾಡ್ತಿ?’ ಎಂದು ಕೇಳುತ್ತಾಳೆ. ಉತ್ತರ ಕೊಡುವುದು ಬೋಟಿನವನಲ್ಲ, ಅವನ ಬಾಯೊಳಗಿಂದ ತಾವು.

ಯಾವ ಬೋಟು, ಯಾರದು ಎಂಬುದನ್ನು ಈ ಪತ್ರದಲ್ಲಿ ಹುಡುಕಬೇಡಿ. ತಾವು ಯಾರೊಬ್ಬರ ಸಂಬಳಪಟ್ಟಿಯಲ್ಲೂ ಇಲ್ಲ, ಎಲ್ಲ ಕಡೆಯೂ ಕೆಲಸ ಮಾಡುತ್ತೀರಿ. ಅದಕ್ಕೇ ಪತ್ರ ನೇರವಾಗಿ ತಮಗೆ.

ತಮ್ಮ ಕ್ಯಾಂಪಿನಿಂದ ಕತ್ತೆತ್ತಿದರೆ ಕಾಣುವ ಅಣೆಕಟ್ಟನ್ನೊಮ್ಮೆ ನೋಡಿ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಒಪ್ಪಿಸಿದರು. ನಡುವಿನ ನಲವತ್ತೆರಡು ವರ್ಷಗಳ ವಿಳಂಬದಲ್ಲಿ ತಮ್ಮ ಕಾಣಿಕೆ ಎಷ್ಟೆಂದು ನಾನು ಲೆಕ್ಕ ಹಾಕಲು ಹೋಗುವುದಿಲ್ಲ. ಈಗ ಅಲ್ಲಿ 26 ಗೇಟುಗಳಿವೆ. ವಿದ್ಯುದಾಗಾರದಲ್ಲಿ 55 ಮೆಗಾವಾಟಿನ ಐದು, 15 ಮೆಗಾವಾಟಿನ ಒಂದು, ಒಟ್ಟು 290 ಮೆಗಾವಾಟಿನ ಯಂತ್ರಗಳಿವೆ. 519.60 ಮೀಟರಿಗೆ ತುಂಬಿದರೆ ಸುಮಾರು 123 ಟಿಎಂಸಿ ನೀರು. ಅಷ್ಟು ನೀರಿನೆದುರು ‘ಏನಾಗಂಗಿಲ್ಲ’ ಎಂಬ ಮಾತು ನಡೆಯುವುದಿಲ್ಲವೆಂಬುದು ಅಣೆಕಟ್ಟು ಕಟ್ಟುವವರಿಗೆ ಗೊತ್ತು. ಯಂತ್ರ ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡು ಅವರು ಲೆಕ್ಕ ಶುರು ಮಾಡುತ್ತಾರೆ.

ಒಪ್ಪಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ತುಂಗಭದ್ರೆ ತೋರಿಸಿಕೊಟ್ಟಳು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಗೇಟು ಹೋದ ಜಾಗಕ್ಕೆ ಇಳಿಸುವ ಸ್ಟಾಪ್‌ಲಾಗ್ ಸಿದ್ಧವಿರಲಿಲ್ಲ. ಉಕ್ಕಿನ ತುಂಡುಗಳನ್ನು ತುರ್ತಾಗಿ ಮಾಡಿಸಿ, ಕ್ರೇನಿನಿಂದ ಹರಿಯುವ ನೀರಿಗೇ ಇಳಿಸಬೇಕಾಯಿತು. ಅಷ್ಟರೊಳಗೆ ಹತ್ತಾರು ಟಿಎಂಸಿ ನೀರು ಕೆಳಗೆ ಹೋಗಿತ್ತು. ಎಪ್ಪತ್ತು ವರ್ಷ ಕೆಲಸ ಮಾಡಿದ ಚೈನಿನ ಕಿವಿಯಲ್ಲಿ ತಾವು ಏನು ಹೇಳಿದ್ದಿರಿ ಎಂದು ಬಾಯಿಬಿಟ್ಟು ಕೇಳಬೇಕೇ?

ಈಗ ಬೋಟಿಗೆ ಬರೋಣ. ಇಂಜಿನ್ ‘ಒಮ್ಮಿಂದೊಮ್ಮೆಲೆ’ ಕೈಕೊಟ್ಟಿತು ಎಂದು ತಾವು ವರದಿ ಬರೆಯುತ್ತೀರಲ್ಲ, ಅದು ಶುದ್ಧ ಸುಳ್ಳು. ಹಿಂಬದಿಗೆ ತೂಗುಹಾಕಿದ ಆ ಔಟ್‌ಬೋರ್ಡ್ ಇಂಜಿನ್ ಓಡುವಷ್ಟು ಹೊತ್ತೂ ಪಕ್ಕದ ತೂತಿನಿಂದ ಸಣ್ಣಗೆ ನೀರು ಚಿಮ್ಮಿಸುತ್ತಿರುತ್ತದೆ. ತಂಪಾಗಲು ಕೆಳಗಿನಿಂದ ಎಳೆದುಕೊಂಡ ನೀರು ಒಳಗೆಲ್ಲ ಸುತ್ತಿ ಬಂದಿದೆ ಎಂಬುದಕ್ಕೆ ಅದೇ ರಸೀದಿ. ಚಿಮ್ಮುವ ನೀರು ಸಣ್ಣದಾದರೆ ಒಂದೋ ಬಾಯಿಗೆ ಪಾಚಿ, ಕೆಸರು, ಇಲ್ಲವೇ ಗುಟಕಾ ಚೀಟಿ ಸಿಕ್ಕಿಕೊಂಡಿದೆ, ಇಲ್ಲವೇ ಪಂಪಿನೊಳಗಿನ ರಬ್ಬರಿನ ಚಕ್ರ ಸವೆದಿದೆ. ರಾಡಿ ನೀರಿನಲ್ಲಿ ಓಡುವ ಇಂಜಿನ್ನಿಗೆ ಈ ರಬ್ಬರು ಬೇಗ ಸವೆಯುತ್ತದೆ, ಬೆಲೆಯೂ ದೊಡ್ಡದಲ್ಲ. ಆದರೆ ಅದನ್ನು ಬದಲಿಸುವ ಹೊತ್ತಿಗೆ ಸರಿಯಾಗಿ ತಾವು ಬರುತ್ತೀರಿ.

ತಮ್ಮ ಇನ್ನೂ ಕೆಲವು ಸಾಧನೆಗಳನ್ನು ಸಾರ್ವಜನಿಕರ ಗಮನಕ್ಕೆ ತರಬೇಕು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಹೋಗಲು ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಬಿಗಿದಿಟ್ಟು ಹೊರಟರೆ ಇಂಜಿನ್ ದಂಡೆಯಲ್ಲಿ ನಗುನಗುತ್ತಲೇ ಚಾಲೂ ಆಗುತ್ತದೆ. ಟ್ಯಾಂಕಿನೊಳಗೆ ಗಾಳಿಯ ಒತ್ತಡ ಕುಸಿದು ಎಣ್ಣೆ ಬರದೆ ನಿಲ್ಲುವುದು ಸ್ವಲ್ಪ ದೂರ ಹೋದ ಮೇಲೆ, ಅಂದರೆ ನಡುನೀರಿನಲ್ಲೇ. ಹಾಗೆಯೇ ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಅದು ತೇವ ಎಳೆದುಕೊಳ್ಳುವ ಗುಣದ್ದು. ವಾರಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂರುತ್ತದೆ, ಇಂಜಿನ್ ಮೊದಲು ಕುಡಿಯುವುದು ಆ ತಳದ್ದನ್ನೇ. ಹಳೆಯ ಎಣ್ಣೆ ಚೆಲ್ಲಿ ಹೊಸದು ಹಾಕೋಣವೆಂದರೆ ತಮ್ಮ ಜೇಬು ನೋಯುತ್ತದೆ.

ತಮ್ಮ ಮೇರುಕೃತಿ ಮಾತ್ರ ಪಿನ್ನಿನದು. ಸಣ್ಣ ಇಂಜಿನ್ನುಗಳ ಪಂಖಕ್ಕೆ ಮೆತ್ತನೆ ಲೋಹದ ಪಿನ್ನು ಹಾಕಿರುತ್ತಾರೆ. ಪಂಖ ಕಲ್ಲಿಗೋ ಬೊಡ್ಡೆಗೋ ಬಡಿದರೆ ತಾನು ಮುರಿದು ಒಳಗಿನ ಗೇರನ್ನು ಉಳಿಸುವುದೇ ಅದರ ಜನ್ಮದ ಕೆಲಸ. ಅದು ಮುರಿದ ದಿನ ತಾವು ದಂಡೆಯಲ್ಲಿ ಬಿದ್ದಿದ್ದ ಮೂರಿಂಚಿನ ಮೊಳೆ ಬಡಿದಿರಿ, ‘ಇನ್ನ ಜಲ್ಮಕ್ಕ ಮುರಿಯಂಗಿಲ್ಲ’ ಎಂದಿರಿ. ಮಾತು ಉಳಿಯಿತು. ಮುಂದಿನ ಸಲ ಮೊಳೆ ಮುರಿಯಲಿಲ್ಲ, ಗೇರು ಹೋಯಿತು.

ಬಡಿಯಲು ಹಿನ್ನೀರಿನಲ್ಲಿ ಏನಿದೆ ಎನ್ನಬೇಡಿ. ಅದರಡಿ ಊರುಗಳಿವೆ, ಹೊಲಗಳಿವೆ, ಗಿಡಗಳ ಬೊಡ್ಡೆಗಳಿವೆ. ನಮ್ಮ ಹಿರಿಯರು ಬಿಟ್ಟುಬಂದ ಗೋಡೆಗಳು ನೀರು ಇಳಿದಾಗ ಮೇಲೆ ಬರುತ್ತವೆ. ಗೋಡೆಗಿಂತ ಒಂದು ಗೇಣು ಹೆಚ್ಚು ನೀರಿದ್ದಾಗ ಕಣ್ಣಿಗೆ ಕಾಣುವುದಿಲ್ಲ, ಪಂಖಕ್ಕೆ ಮಾತ್ರ ಸಿಗುತ್ತವೆ. ಮೀನುಗಾರರ ನೈಲಾನ್ ಬಲೆಗಳೂ ಇವೆ. ಇನ್ನು ‘ಹಿನ್ನೀರು ಅಂದ್ರ ಕೆರೀನ ಬಿಡ್ರಿ’ ಎನ್ನುತ್ತೀರಿ. ಇದೇ ಹಿನ್ನೀರಿನ ಮೇಲಿನ ಕೊರ್ತಿ-ಕೊಲ್ಹಾರದ ಸೇತುವೆ ಮೂರು ಕಿಲೋಮೀಟರಿನಷ್ಟು ಉದ್ದ ಯಾಕೆ ಬೇಕಾಯಿತು ಎಂದು ಯೋಚಿಸಿದ್ದೀರಾ? ಅಷ್ಟು ಬಯಲು ನೀರಿನ ಮೇಲೆ ಗಾಳಿ ಬೀಸಿದರೆ ತೆರೆಗಳು ಏಳುತ್ತವೆ. ಓಡುವ ಬೋಟು ತೆರೆಗೆ ಮೂತಿ ಕೊಡುತ್ತದೆ. ಇಂಜಿನ್ ನಿಂತ ಬೋಟು ತಿರುಗಿ ಪಕ್ಕೆ ಕೊಡುತ್ತದೆ. ಆಗ ಜನ ಗಾಬರಿಯಿಂದ ಒಂದೇ ಕಡೆ ಸರಿಯುತ್ತಾರೆ. ಇಂಜಿನ್ ಕೆಟ್ಟ ಮಾತ್ರಕ್ಕೆ ಬೋಟು ಮುಳುಗುವುದಿಲ್ಲ, ಕೆಟ್ಟ ಮೇಲಿನ ಗಡಿಬಿಡಿ ಮುಳುಗಿಸೀತು.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ಹುಟ್ಟಿದ ಬಾಗೇವಾಡಿ ಇಲ್ಲಿಗೆ ದೂರವಲ್ಲ. ಶರಣರ ಅದೇ ಸಂಗದಲ್ಲಿ ಅಂಬಿಗರ ಚೌಡಯ್ಯನೂ ಇದ್ದ. ದೋಣಿ ನಡೆಸುವುದೇ ಅವನ ಕಾಯಕ, ತಮ್ಮಂಥವರಿಗೆ ಮುಖಕ್ಕೆ ಹೊಡೆದಂತೆ ಮಾತಾಡುವುದು ಅವನ ರೀತಿ. ಹರಿಗೋಲಿಗೆ ಇಂಜಿನ್ ಇರಲಿಲ್ಲ, ಅಂಬಿಗನ ಕೈಯಲ್ಲಿ ಹುಟ್ಟು ಇತ್ತು. ಇಂಜಿನ್ ಬಂದದ್ದೇ ತಾವು ಹುಟ್ಟನ್ನು ಒಲೆಗೆ ಹಾಕಿಸಿದಿರಿ. ಇಂಜಿನ್ನೂ ಇರಲಿ, ಹುಟ್ಟೂ ಇರಲಿ ಎಂದರೆ ‘ಮಂದಿ ಅಂಜ್ತಾರ್ರಿ’ ಎಂದಿರಂತೆ. ಜನ ಅಂಜಬಾರದೆಂದು ಜೀವ ಉಳಿಸುವ ಸಾಮಾನನ್ನೇ ಮುಚ್ಚಿಡುವ ಈ ಅಂತಃಕರಣಕ್ಕೆ ಏನೆನ್ನಲಿ!

ಯಂತ್ರ ಕೆಡುವುದು ಅವಮಾನವಲ್ಲ ಸಾಹೇಬರೇ. 2024ರ ಡಿಸೆಂಬರ್ 18ರಂದು ಮುಂಬಯಿಯಲ್ಲಿ ಇಂಜಿನ್ ಪರೀಕ್ಷೆಗೆ ಹೊರಟಿದ್ದ ನೌಕಾಪಡೆಯ ಬೋಟೇ ಹತೋಟಿ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲ್ ಕಮಲ್’ ಎಂಬ ಪ್ರಯಾಣಿಕರ ಬೋಟಿಗೆ ಗುದ್ದಿತು. ನೌಕಾಪಡೆಯ ಇಂಜಿನ್ನೇ ಮಾತು ಕೇಳದ ಗಳಿಗೆ ಇರುತ್ತದೆ. ಅವಮಾನ ಇರುವುದು ಮನುಷ್ಯರ ತಪ್ಪಿನಲ್ಲಿ. ನಮ್ಮ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿತು. ಅದರಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಸತ್ತದ್ದು, ಮೀನು ಹಿಡಿಯುವ ದೋಣಿಯನ್ನೇ ತಿದ್ದಿ ಮಾಡಿದ ಪ್ರವಾಸಿ ಬೋಟಿನಲ್ಲಿ. ಅಷ್ಟರಲ್ಲಿ ದೇಶದಲ್ಲಿ ಹೊಸ ಕಾಯ್ದೆಯೂ ಬಂದಾಗಿತ್ತು: 1917ರ ಬ್ರಿಟಿಷರ ಕಾಲದ ಒಳನಾಡು ಜಲಯಾನ ಕಾನೂನನ್ನು ತೆಗೆದು 2021ರಲ್ಲಿ ಮಾಡಿದ್ದು. ನೋಂದಣಿ, ತಪಾಸಣೆಯ ಪ್ರಮಾಣಪತ್ರ, ವಿಮೆ ಎಲ್ಲ ಅದರಲ್ಲಿವೆ. ಕಾಯ್ದೆ ಓದಿದ ಮೇಲೂ ತಾವು ಎರಡೇ ಪದಗಳ ಷರಾ ಬರೆದಿರಿ.

ತಮ್ಮ ಪರವಾಗಿ ಒಂದು ಮಾತು ಹೇಳಲೇಬೇಕು. ತಮ್ಮನ್ನು ಸಾಕಿದವರು ನಾವೇ. ಲೈಫ್ ಜಾಕೆಟ್ ಕೊಟ್ಟರೆ ‘ಬೆವರು ವಾಸನೆ’ ಎಂದು ಮೂಗು ಮುರಿಯುತ್ತೇವೆ, ಹಾಕಿಕೊಂಡರೂ ಹೊಸ ಸೀರೆ ಫೋಟೋದಲ್ಲಿ ಕಾಣಲಿ ಎಂದು ಬಕ್ಕಲ್ ಬಿಚ್ಚುತ್ತೇವೆ. ಬೋಟಿನವನು ‘ಗಾಳಿ ಐತ್ರಿ, ಇವತ್ತ ಬ್ಯಾಡ’ ಎಂದರೆ, ‘ಸಿಂದಗಿಯಿಂದ ಬಂದೀವಿ, ನಿನ್ನ ರೊಕ್ಕ ನಾವು ಕೊಡ್ತೀವಿ, ನಡಿ’ ಎಂದು ಜಗಳಕ್ಕೆ ನಿಲ್ಲುತ್ತೇವೆ. ಆ ಬಡಪಾಯಿಗೆ ದಿನಗೂಲಿ. ನಿಲ್ಲಿಸಿದರೆ ಅವನಿಗೆ ನಷ್ಟ, ನಡೆಸಿದರೆ ತಮ್ಮ ಆಶೀರ್ವಾದ. ಬೋಟು ಹೊರಡಿಸದ ದಿನದ ಕೂಲಿಯನ್ನೂ ಅವನ ಕೈಗಿಟ್ಟರೆ ತಮ್ಮ ಅರ್ಧ ಅಧಿಕಾರ ಅಲ್ಲೇ ಕಡಿಮೆಯಾಗುತ್ತದೆ.

ಹೀಗಾಗಿ ತಮಗೆ ಬಡ್ತಿ ಕೊಟ್ಟು ವರ್ಗ ಮಾಡಬೇಕೆಂದು ಶಿಫಾರಸು ಮಾಡುತ್ತಿದ್ದೇನೆ. ಯಂತ್ರ, ನೀರು, ಜನ ಈ ಮೂರೂ ಇಲ್ಲದ ಯಾವ ಊರಾದರೂ ನಡೆದೀತು. ತಮ್ಮ ಜಾಗಕ್ಕೆ ಹೊಸ ಅಧಿಕಾರಿ ಬೇಡ, ಇಷ್ಟು ಸಾಮಾನು ಸಾಕು: ಎರಡು ಹುಟ್ಟು, ಹಗ್ಗ ಕಟ್ಟಿದ ಲಂಗರು, ಒಂದು ಡಬ್ಬಿ ಅಸಲಿ ಪಿನ್ನು, ಒಂದು ಸೀಟಿ, ದಂಡೆಯಲ್ಲಿ ಚಾಲೂ ಸ್ಥಿತಿಯ ಇನ್ನೊಂದು ಬೋಟು. ಹೊರಡುವ ಮುಂಚೆ ಐದು ನಿಮಿಷ ದಂಡೆಯ ನೀರಿನಲ್ಲೇ ಇಂಜಿನ್ ಓಡಿಸಿ ನೀರು ಚಿಮ್ಮುವುದನ್ನು ನೋಡುವ ತಾಳ್ಮೆ. ಅಜ್ಜಿಯ ಪ್ರಶ್ನೆಗೆ ಬೋಟಿನವನು ಬಾಯಿಂದಲ್ಲ, ಈ ಸಾಮಾನು ತೋರಿಸಿ ಉತ್ತರ ಕೊಡಲಿ.

ಇಂತಿ ತಮ್ಮ ಅವಿಶ್ವಾಸಿ,
ಟಿಕೆಟು ತೆಗೆದುಕೊಂಡ ಒಬ್ಬ ಪ್ರಯಾಣಿಕ

ಪ್ರತಿಗಳು:
1. ಬಕ್ಕಲ್ ಬಿಚ್ಚಿಕೊಂಡು ಸೆಲ್ಫಿ ತೆಗೆಯುತ್ತಿರುವ ಸಹಪ್ರಯಾಣಿಕರಿಗೆ, ತುರ್ತು ಗಮನಕ್ಕಾಗಿ.
2. ಮೂರಿಂಚಿನ ಮೊಳೆಗೆ, ಮೂಲ ಇಲಾಖೆಗೆ ಅಂದರೆ ಬಡಗಿಯ ಚೀಲಕ್ಕೆ ಮರಳಿ ಹಾಜರಾಗಲು.
3. ಇಂಜಿನ್ನಿಗೆ, ಮಾಹಿತಿಗಾಗಿ. ಈ ಪತ್ರದ ಮೇಲೆ ಯಾರೂ ಕ್ರಮ ಕೈಗೊಳ್ಳದಿದ್ದರೆ ಅದು ತಾನೇ ಕೈಗೊಳ್ಳುತ್ತದೆ.