ಸೋಲಿಗೆ ಹಾರ ಹಾಕಬೇಡಿ: ಥಂಡರ್ ತಂಡಕ್ಕೊಂದು ಬಹಿರಂಗ ಪತ್ರ

ಬೆಂಗಳೂರು, ಜುಲೈ 2025

ಓಕ್ಲಹೋಮಾ ಸಿಟಿ ಥಂಡರ್ ತಂಡದ ಮಾನ್ಯ ಮಾಲೀಕರು, ವ್ಯವಸ್ಥಾಪಕರು, ತರಬೇತುದಾರರು ಮತ್ತು ಆಟಗಾರರ ಸನ್ನಿಧಿಗೆ,

ಕಳೆದ ಜೂನ್ 22ರ ರಾತ್ರಿ, ನಮ್ಮ ಲೆಕ್ಕಕ್ಕೆ ಸೋಮವಾರ ಬೆಳಗ್ಗೆ, ತಾವು ಇಂಡಿಯಾನಾ ಪೇಸರ್ಸ್ ತಂಡವನ್ನು ಏಳನೇ ಪಂದ್ಯದಲ್ಲಿ 103–91ರಿಂದ ಸೋಲಿಸಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎ ಚಾಂಪಿಯನ್ ಆದಿರಿ. ಸರಾಸರಿ ಇಪ್ಪತ್ತೈದು–ಇಪ್ಪತ್ತಾರು ವಯಸ್ಸಿನ ಹುಡುಗರ ತಂಡ. ಸುಮಾರು ಐವತ್ತು ವರ್ಷಗಳಲ್ಲಿ ಇಷ್ಟು ಎಳೆಯ ತಂಡ ಈ ಪಟ್ಟಕ್ಕೇರಿರಲಿಲ್ಲ. ತಾವು ನಮಗೆ ಕೊಟ್ಟ ಸಂತೋಷಕ್ಕೆ ನಾನು ಚಿರಋಣಿ. ಆ ಋಣವನ್ನು ತಲೆಯ ಮೇಲೆ ಹೊತ್ತುಕೊಂಡೇ ಕೆಲವು ಅಹವಾಲುಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ಅಭಯವಿತ್ತು ಓದಬೇಕಾಗಿ ವಿನಂತಿ.

ಗೆದ್ದ ಮರುದಿನದಿಂದ ಎಲ್ಲೆಲ್ಲೂ ಒಂದೇ ಮಾತು ಕೇಳುತ್ತಿದ್ದೇನೆ: ಥಂಡರ್ ತಾಳ್ಮೆಯಿಂದ ಸೋತಿತು, ಆದ್ದರಿಂದ ಗೆದ್ದಿತು. ಆ ಸೋಲುಗಳನ್ನು ಹತ್ತಿರದಿಂದ ನೋಡಿದವರು ಹೀಗೆ ಹೇಳಲಾರರು, ಸ್ವಾಮಿ. 2020–21ರಲ್ಲಿ 72 ಪಂದ್ಯಗಳಲ್ಲಿ 22 ಗೆಲುವು. ಮರುವರ್ಷ 82ರಲ್ಲಿ 24. ಅಮೆರಿಕದ ಲೀಗುಗಳಲ್ಲಿ ಕೊನೆಗೆ ನಿಂತ ತಂಡ ಕೆಳದರ್ಜೆಗೆ ಇಳಿಯುವುದಿಲ್ಲ. ಬದಲಿಗೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನ ಲಾಟರಿಯಲ್ಲಿ ಅದಕ್ಕೇ ಹೆಚ್ಚು ಅವಕಾಶ. ಆ ವ್ಯವಸ್ಥೆಯನ್ನು ತಾವು ಕಟ್ಟಲಿಲ್ಲ, ಬಳಸಿಕೊಂಡಿರಿ. 2021ರ ಮಾರ್ಚಿನಲ್ಲಿ ಆಡಬಲ್ಲ ಸ್ಥಿತಿಯಲ್ಲಿದ್ದ ಆಲ್ ಹಾರ್ಫರ್ಡ್ ಅವರನ್ನು, ಅವರ ಒಪ್ಪಿಗೆ ಪಡೆದೇ, ಉಳಿದ ಋತುವಿಗೆಲ್ಲ ಹೊರಗೆ ಕೂರಿಸಿದಿರಿ. ಅದೇ ಹೊತ್ತಿಗೆ ತಮ್ಮ ತಾರೆ ಶೇ ಗಿಲ್ಜಸ್-ಅಲೆಕ್ಸಾಂಡರ್ ಪಾದದ ನೋವಿನಿಂದ ಹೊರಗುಳಿದರು. ಕಣಕ್ಕಿಳಿದವರು ಯಾರು? ಇನ್ನೂ ಕೋರ್ಟಿನ ಮೂಲೆಗಳ ಪರಿಚಯವೂ ಸರಿಯಾಗಿ ಆಗದಿದ್ದ ಹುಡುಗರು.

ಆ ಹುಡುಗರ ಗತಿ ಏನಾಯಿತೆಂದು ತಾವು ಮರೆತಿರಲಿಕ್ಕಿಲ್ಲ. 2021ರ ಮೇ 1ರಂದು, ಕೋವಿಡ್ ಕಾರಣಕ್ಕೆ ಪ್ರೇಕ್ಷಕರೇ ಇಲ್ಲದ ತಮ್ಮದೇ ಅಂಗಳದಲ್ಲಿ, ಇದೇ ಇಂಡಿಯಾನಾ 152–95ರಿಂದ ತಮ್ಮನ್ನು ಕೆಡವಿತು. ಅದೇ ವರ್ಷ ಡಿಸೆಂಬರ್ 2ರಂದು ಮೆಂಫಿಸ್‌ನಲ್ಲಿ ಮತ್ತೆ ಎದುರಾಳಿಗೆ 152, ತಮಗೆ 79. ಎಪ್ಪತ್ಮೂರು ಪಾಯಿಂಟುಗಳ ಅಂತರ. ಎನ್‌ಬಿಎ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಸೋಲಿಲ್ಲ. ಮೆಂಫಿಸ್ ತಾರೆ ಜಾ ಮೊರಾಂಟ್ ಆ ರಾತ್ರಿ ಆಡಿರಲೂ ಇಲ್ಲ. ತಮ್ಮ ಕಡೆ ಗಿಲ್ಜಸ್-ಅಲೆಕ್ಸಾಂಡರ್ ಇರಲಿಲ್ಲ, ಲೂ ಡಾರ್ಟ್ ಇದ್ದರು. ಅಂತರ ಐವತ್ತಾದಾಗಲೂ ಎದುರಾಳಿಯ ಮೈಗೆ ಮೈ ತಾಗಿಸಿ, ಮೊಣಕಾಲು ಬಾಗಿಸಿ, ಕೈ ಚಾಚಿ ಅಡ್ಡ ನಿಲ್ಲುವ ಆಟಗಾರ ಅವರು. ಸೋಲನ್ನು ಯೋಜನೆ ಎಂದು ಕರೆಯುವುದು ಕಚೇರಿಯಲ್ಲಿ ಕೂತವರಿಗೆ ಸುಲಭ. ಅಂಗಳದಲ್ಲಿ ನಿಂತವನಿಗೆ ಅದು ಬರೀ ಸೋಲು.

ತಮ್ಮ ಊರಿನ ಪ್ರೇಕ್ಷಕರ ಬಗ್ಗೆಯೂ ಹೇಳಬೇಕು. ತಂಡ ಮೊದಲ ಬುಟ್ಟಿ ಹಾಕುವವರೆಗೆ ಆಸನದಲ್ಲಿ ಕೂರದಿರುವುದು ಅಲ್ಲಿಯ ಪದ್ಧತಿ. ಚೆಂಡು ಮೇಲೆ ಹಾರಿದಾಗಿನಿಂದ ಎಲ್ಲರೂ ನಿಂತೇ ಇರುತ್ತಾರೆ: ಮಕ್ಕಳನ್ನು ಎತ್ತಿಕೊಂಡ ತಂದೆಯರು, ಕೋಲೂರಿದ ಹಿರಿಯರು. ಗೆಲ್ಲುವ ವರ್ಷಗಳಲ್ಲಿ ಅದು ಅರ್ಧ ನಿಮಿಷದ ಮಾತು. ಪ್ರೇಕ್ಷಕರು ಮರಳಿದ ಆ 24 ಗೆಲುವಿನ ವರ್ಷದಲ್ಲಿ ಒಂದಾದ ಮೇಲೊಂದು ಎಸೆತ ರಿಂಗಿಗೆ ಬಡಿದು ಈಚೆ ಬೀಳುತ್ತಿದ್ದಾಗಲೂ ಅವರು ನಿಂತೇ ಇದ್ದರು. ತಾವು ಅವರಿಂದ ಪಡೆದದ್ದು ಬರೀ ಚಪ್ಪಾಳೆ ಅಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಈಗ ನನ್ನ ಮುಖ್ಯ ಅಹವಾಲಿಗೆ ಬರುತ್ತೇನೆ. ಪೂಜ್ಯರೇ, ತಮ್ಮ ತಂಡ ಬೆಳೆದದ್ದು ಸೋಲಿನಿಂದ ಅಲ್ಲ. ಲೆಕ್ಕ ಹಾಕಿ ನೋಡಿ. ಗಿಲ್ಜಸ್-ಅಲೆಕ್ಸಾಂಡರ್ 2019ರ ಜುಲೈನಲ್ಲಿ ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಬಿಟ್ಟುಕೊಟ್ಟದ್ದಕ್ಕೆ ಬಂದವರು. ಜೇಲೆನ್ ವಿಲಿಯಮ್ಸ್ ಸಾಂಟಾ ಕ್ಲಾರಾ ಎಂಬ ಸಣ್ಣ ವಿಶ್ವವಿದ್ಯಾಲಯದ ಹುಡುಗ. 2022ರ ಡ್ರಾಫ್ಟಿನ 12ನೇ ಆಯ್ಕೆ, ಅದೂ ಅದೇ ವಹಿವಾಟಿನಲ್ಲಿ ಕ್ಲಿಪ್ಪರ್ಸ್‌ನಿಂದ ಸಿಕ್ಕ ಸರದಿ. ಮಾಂಟ್ರಿಯಲ್ಲಿನ ಡಾರ್ಟ್ ಅವರನ್ನು 2019ರ ಡ್ರಾಫ್ಟಿನಲ್ಲಿ ಯಾರೂ ಆರಿಸಲೇ ಇಲ್ಲ. ಏರನ್ ವಿಗಿನ್ಸ್ 55ನೇ ಆಯ್ಕೆ. ಐಸಾಯಾ ಜೋ ಫಿಲಡೆಲ್ಫಿಯಾ ಕೈಬಿಟ್ಟ ಆಟಗಾರ. ಹಾರ್ಟೆನ್‌ಸ್ಟೈನ್ ಮುಕ್ತ ಮಾರುಕಟ್ಟೆಯಿಂದ ಬಂದವರು. ಇನ್ನು ಆ 22 ಗೆಲುವಿನ ವರ್ಷಕ್ಕೆ ಲಾಟರಿ ಕೊಟ್ಟದ್ದು ಆರನೇ ಸ್ಥಾನ. ಆಗ ಬಂದ ಜಾಷ್ ಗಿಡ್ಡಿಯನ್ನು 2024ರಲ್ಲಿ ಅಲೆಕ್ಸ್ ಕರೂಸೊ ಅವರಿಗಾಗಿ ಷಿಕಾಗೊಗೆ ಕಳಿಸಿದಿರಿ. ಸೋಲಿನ ನೇರ ಫಲವಾಗಿ ಬಂದು ಉಳಿದ ದೊಡ್ಡ ಹೆಸರು ಚೆಟ್ ಹೋಮ್‌ಗ್ರೆನ್ ಒಬ್ಬರದೇ.

ಹಾಗಾದರೆ ಬೆಳೆಸಿದ್ದು ಯಾವುದು? ತರಬೇತುದಾರ ಮಾರ್ಕ್ ಡೇಗ್ನಾಲ್ಟ್ ಐದು ವರ್ಷ ತಮ್ಮ ಕಿರಿಯರ ತಂಡವಾದ ಬ್ಲೂಗೆ ಪಾಠ ಹೇಳಿ ಆಮೇಲೆ ಮೇಲೆ ಬಂದವರು. ಡಾರ್ಟ್, ವಿಗಿನ್ಸ್ ಇಬ್ಬರೂ ಮೊದಲು ಬ್ಲೂಗೂ ಹಿರಿಯರ ತಂಡಕ್ಕೂ ಓಡಾಡುವ ಅರೆಬರೆ ಒಪ್ಪಂದದಲ್ಲಿದ್ದು, ಆಮೇಲೆ ಪೂರ್ತಿ ಒಪ್ಪಂದ ಗಳಿಸಿದವರು. ಎಸೆತ ತಿದ್ದುವುದರಲ್ಲಿ ಹೆಸರಾದ ಚಿಪ್ ಎಂಗೆಲೆಂಡ್ ಅವರನ್ನು 2022ರಲ್ಲಿ ಸ್ಯಾನ್ ಆಂಟೋನಿಯೋದಿಂದ ಕರೆತಂದಿರಿ. ಹೋಮ್‌ಗ್ರೆನ್ ಬಲಗಾಲಿನ ಪಾದಕ್ಕೆ ಗಾಯ ಮಾಡಿಕೊಂಡು ಮೊದಲ ಋತುವನ್ನೇ ಕಳೆದುಕೊಂಡಾಗ ಅವರನ್ನು ಅವಸರದಿಂದ ಇಳಿಸಲಿಲ್ಲ. ಇದು ಪೋಷಣೆ. ಹೊಸದಾಗಿ ಬಂದ ಪ್ರತಿಯೊಬ್ಬ ಆಟಗಾರನನ್ನೂ ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿ ಅವರು 1995ರಲ್ಲಿ ಊರಿನಲ್ಲಿ ನಡೆದ ಬಾಂಬ್ ಸ್ಫೋಟದಲ್ಲಿ ಮಡಿದ 168 ಮಂದಿಯ ಸ್ಮಾರಕಕ್ಕೆ ಕಳಿಸುತ್ತಾರೆ. ಯಾವ ಊರಿಗಾಗಿ ಆಡುತ್ತಿದ್ದೇವೆಂದು ಹುಡುಗರಿಗೆ ಮೊದಲ ದಿನವೇ ತಿಳಿಯುತ್ತದೆ. ಬರಗಾಲ ಕಳೆದು ಬೆಳೆ ಬಂದರೆ ರೈತ ಬರಕ್ಕೆ ಹಾರ ಹಾಕುವುದಿಲ್ಲ. ತಾವು ಮಾತ್ರ ಬರಕ್ಕೆ ಹಾರ ಬೀಳುತ್ತಿರುವುದನ್ನು ಕಂಡೂ ಸುಮ್ಮನಿದ್ದೀರಿ. ತಮ್ಮ ಮೌನದಿಂದ ಇನ್ನೂ ಎಷ್ಟೋ ಊರುಗಳ ತಂಡಗಳು ಸೋಲುವುದನ್ನೇ ವಿದ್ಯೆ ಎಂದು ಕಲಿಯುತ್ತವೆ, ಅಲ್ಲಿನ ಮಕ್ಕಳು ದುಡ್ಡು ಕೊಟ್ಟು ಅದನ್ನು ನೋಡಬೇಕಾಗುತ್ತದೆ. ಗೆದ್ದವರ ಮಾತಿಗೆ ಈಗ ಬೆಲೆಯಿದೆ. ನಮ್ಮನ್ನು ಬೆಳೆಸಿದ್ದು ಸೋಲಲ್ಲ, ಪೋಷಣೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ಎಂದು ಕೈಮುಗಿದು ಕೇಳುತ್ತೇನೆ.

ಬೆಳವಣಿಗೆ ಎಂದರೆ ಏನೆಂದು ತಿಳಿಯಲು ಫೈನಲ್‌ನ ನಾಲ್ಕನೇ ಪಂದ್ಯದ ಕೊನೆಯ ಐದು ನಿಮಿಷ ಸಾಕು. ಸರಣಿಯಲ್ಲಿ 1–2ರಿಂದ ಹಿಂದೆ; ಇಂಡಿಯಾನಾಪೊಲಿಸ್‌ನ ಗದ್ದಲ; ಇಡೀ ಪಂದ್ಯದಲ್ಲಿ ತಂಡಕ್ಕೆ ದಕ್ಕಿದ ಮೂರು ಪಾಯಿಂಟಿನ ಎಸೆತಗಳು ಮೂರೇ ಮೂರು. ಆಗ ಗಿಲ್ಜಸ್-ಅಲೆಕ್ಸಾಂಡರ್ ತಂಡದ ಕೊನೆಯ 16 ಪಾಯಿಂಟುಗಳಲ್ಲಿ 15ನ್ನು ಒಬ್ಬರೇ ಗಳಿಸಿದರು. ಅವರು ಓಡಿ ಹೋಗಿ ಗೆಲ್ಲುವುದಿಲ್ಲ. ಚೆಂಡು ಬಡಿಯುತ್ತ ನಿಧಾನಿಸುತ್ತಾರೆ, ಒಂದು ಭುಜ ತಗ್ಗಿಸುತ್ತಾರೆ, ಎದುರಿನವನು ಆ ಕಡೆ ವಾಲುತ್ತಾನೆ, ಇವರು ಒಂದು ಹೆಜ್ಜೆ ಹಿಂದೆ ಸರಿದು ಎಸೆಯುತ್ತಾರೆ. 2019–20ರಲ್ಲಿ ಪಂದ್ಯಕ್ಕೆ 19 ಪಾಯಿಂಟಿನ ಹುಡುಗ, ಈ ಸಲ 32.7. ಲೀಗಿನ ಶ್ರೇಷ್ಠ ಆಟಗಾರ, ಫೈನಲ್‌ನ ಶ್ರೇಷ್ಠ ಆಟಗಾರ ಎರಡೂ ಅವರೇ. ಮುಂದಿನ ಪಂದ್ಯದಲ್ಲಿ ವಿಲಿಯಮ್ಸ್ 40 ಪಾಯಿಂಟ್ ಹೊಡೆದರು. ಎಸೆಯುವ ಕೈಯ ಮಣಿಕಟ್ಟಿನಲ್ಲಿ ಅಸ್ಥಿರಜ್ಜು ಹರಿದಿತ್ತೆಂದು ಗೆದ್ದ ಮೇಲಷ್ಟೇ ನಮಗೆ ಗೊತ್ತಾಯಿತು. ಹೀಗೆ ನೋವು ಮುಚ್ಚಿಟ್ಟು ಆಡಿಸುವುದು ಹೆಮ್ಮೆಯ ವಿಷಯವೆಂದು ತಾವು ಭಾವಿಸಿದ್ದರೆ ನನಗದು ಒಪ್ಪಿಗೆಯಿಲ್ಲ. ಆ ಕೈ ಇನ್ನೂ ಹತ್ತು ವರ್ಷ ಆಡಬೇಕು.

ಗಿಲ್ಜಸ್-ಅಲೆಕ್ಸಾಂಡರ್ ಅವರಿಗೂ ಸಣ್ಣದೊಂದು ಅರಿಕೆ. ತುಸು ತಾಗಿದರೆ ಬಿದ್ದುಬಿಡುವ ಅಭ್ಯಾಸವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ, ಅಣ್ಣಾ. ನಿಮ್ಮ ಆಟಕ್ಕೆ ಅದರ ಹಂಗು ಬೇಡ.

ಹುಡುಗರ ಒಗ್ಗಟ್ಟಿಗೆ ಮಾತ್ರ ನನ್ನ ಸಾಷ್ಟಾಂಗ. ಪಂದ್ಯ ಗೆದ್ದ ಮೇಲೆ ಟಿವಿಯವರು ಒಬ್ಬನನ್ನು ಮಾತಿಗೆ ಕರೆದರೆ ತಂಡಕ್ಕೆ ತಂಡವೇ ಬಂದು ಹಿಂದೆ ನಿಲ್ಲುತ್ತದೆ, ಹೆಗಲ ಮೇಲೆ ಹೆಗಲು, ಒಬ್ಬರ ಮೈಮೇಲೊಬ್ಬರು ಹೊದಿಸಿದ ಟವೆಲು, ನಡುವೆ ನಾಯಿಯಂತೆ ಬೊಗಳುವ ತಮಾಷೆ ಬೇರೆ. ಪಟ್ಟ ಗೆದ್ದ ರಾತ್ರಿ ಶಾಂಪೇನ್ ಬಾಟಲಿಯ ಬಿರಡೆ ತೆಗೆಯುವ ರೀತಿ ಗೊತ್ತಿಲ್ಲದೆ ತಬ್ಬಿಬ್ಬಾದವರಿಗೆ, ಮೊದಲೊಮ್ಮೆ ಪಟ್ಟ ಕಂಡಿದ್ದ ಕರೂಸೊ ಹೇಳಿಕೊಡಬೇಕಾಯಿತು. ಅದಕ್ಕೂ ಹಿಂದಿನ ವರ್ಷ, 57 ಪಂದ್ಯ ಗೆದ್ದಿದ್ದರೂ, ಪ್ಲೇಆಫ್‌ನಲ್ಲಿ ಡಲ್ಲಾಸ್ ಎದುರು ಆರನೇ ಪಂದ್ಯವನ್ನು ಒಂದೇ ಪಾಯಿಂಟಿನಿಂದ ಕಳೆದುಕೊಂಡು ಮನೆಗೆ ಹೋಗಿದ್ದರು. ಈ ವರ್ಷ 68 ಗೆಲುವು, ಪಂದ್ಯಕ್ಕೆ ಸರಾಸರಿ 12.9 ಪಾಯಿಂಟುಗಳ ಅಂತರ, ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು. ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಅದೇ ಮೆಂಫಿಸ್ ತಂಡವನ್ನು 131–80ರಿಂದ ಸೋಲಿಸಿದಾಗ, ಆ 73ರ ರಾತ್ರಿ ಅಂಗಳದಲ್ಲಿದ್ದ ಡಾರ್ಟ್ ಮೇಲೆಯೇ ನನ್ನ ಕಣ್ಣಿತ್ತು.

ಮಾಲೀಕರೇ, ಇದು ತಮಗೆ. 2023ರ ಡಿಸೆಂಬರಿನಲ್ಲಿ ಓಕ್ಲಹೋಮಾ ಸಿಟಿಯ ಮತದಾರರು, ನೂರಕ್ಕೆ ಸುಮಾರು 71 ಮಂದಿ, ಹೊಸ ಕ್ರೀಡಾಂಗಣಕ್ಕಾಗಿ ಆರು ವರ್ಷ ಡಾಲರಿಗೊಂದು ಸೆಂಟಿನಂತೆ ಮಾರಾಟ ತೆರಿಗೆ ಕಟ್ಟಲು ಒಪ್ಪಿದರು. ಕನಿಷ್ಠ 90 ಕೋಟಿ ಡಾಲರಿನ ಕಟ್ಟಡಕ್ಕೆ ತಮ್ಮ ಪಾಲು 5 ಕೋಟಿ. ಬ್ಯಾಸ್ಕೆಟ್‌ಬಾಲ್ ಎಂದರೇನೆಂದು ಗೊತ್ತಿಲ್ಲದ ಅಜ್ಜಿ ಸೋಪು ಕೊಂಡರೂ ತಮ್ಮ ಅಂಗಳಕ್ಕೆ ಇಟ್ಟಿಗೆ ಹೊರುತ್ತಾಳೆ. ಕನಿಷ್ಠ 25 ವರ್ಷ ಊರು ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೀರಿ, ಅದಕ್ಕೆ ಧನ್ಯವಾದ. ಆದರೆ ಊರು ಬಿಟ್ಟರೆ ಏನಾಗುತ್ತದೆಂದು ತಮಗಿಂತ ಚೆನ್ನಾಗಿ ಬಲ್ಲವರು ಯಾರು? 2008ರವರೆಗೆ ಇದೇ ತಂಡ ಸಿಯಾಟಲ್ಲಿನ ಸೂಪರ್‌ಸಾನಿಕ್ಸ್ ಆಗಿತ್ತು. ನಲವತ್ತೊಂದು ಋತುಗಳು, 1979ರ ಒಂದು ಪಟ್ಟ. ಹೊಸ ಕ್ರೀಡಾಂಗಣ ಕಟ್ಟಿಕೊಡಲಿಲ್ಲವೆಂದು ತಾವು ಗಂಟುಮೂಟೆ ಕಟ್ಟಿದಿರಿ. ಹೆಸರನ್ನೂ ಬಣ್ಣವನ್ನೂ ಅಲ್ಲೇ ಬಿಟ್ಟು ಬಂದ ಸೌಜನ್ಯವನ್ನು ನಾನು ಮರೆತಿಲ್ಲ. ಆದರೆ ಅಲ್ಲಿನ ಮಕ್ಕಳಿಗೆ ಆಡುವ ತಂಡ ಉಳಿಯಲಿಲ್ಲ. ಲೀಗು ಹೊಸ ತಂಡಗಳನ್ನು ಸೇರಿಸಿಕೊಳ್ಳುವ ಮಾತು ಈಗ ಮತ್ತೆ ಎದ್ದಿದೆ. ಸಿಯಾಟಲ್ ಪರವಾಗಿ ಮತ ಹಾಕುವ ಸರದಿ ಬಂದರೆ ಎಲ್ಲರಿಗಿಂತ ಮೊದಲು ತಾವೇ ಕೈ ಎತ್ತಬೇಕು. ಇದನ್ನು ಕೋರಿಕೆ ಎಂದು ಬರೆದಿದ್ದೇನೆ, ಕರ್ತವ್ಯವೆಂದು ಓದಿಕೊಳ್ಳಿ.

ನಮ್ಮ ಪಾಲಿನ ಪುಟ್ಟ ದೂರೂ ಒಂದಿದೆ. 2019ರ ಅಕ್ಟೋಬರಿನಲ್ಲಿ ಎನ್‌ಬಿಎ ತಂಡಗಳು ಮೊದಲ ಬಾರಿ ಭಾರತದಲ್ಲಿ ಆಡಿದಾಗ ಮುಂಬೈಗೆ ಬಂದದ್ದು ಸ್ಯಾಕ್ರಮೆಂಟೊ ಮತ್ತು ಇಂಡಿಯಾನಾ. ತಾವು ಫೈನಲ್‌ನಲ್ಲಿ ಸೋಲಿಸಿದವರನ್ನು ನಾವು ಮನೆಯಂಗಳದಲ್ಲಿ ನೋಡಿದ್ದೇವೆ, ತಮ್ಮನ್ನು ನೋಡಿಲ್ಲ. ಬೆಂಗಳೂರಿನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣವಿದೆ, ಬೆಳಗಿನ ಜಾವ ಎದ್ದು ತಮ್ಮ ಆಟ ನೋಡಿ ಕೆಲಸಕ್ಕೆ ಹೋಗುವವರೂ ಇದ್ದಾರೆ. ಪಾದ ಬೆಳೆಸಬೇಕು.

ಕೊನೆಯದಾಗಿ ನನ್ನ ಭಯವನ್ನು ಹೇಳಿಬಿಡುತ್ತೇನೆ. 2012ರಲ್ಲಿಯೂ ತಮ್ಮಲ್ಲಿ ಹೀಗೆಯೇ ಹುಡುಗರಿದ್ದರು: ಡ್ಯುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್. ಫೈನಲ್‌ನಲ್ಲಿ ಮಯಾಮಿಗೆ ಸೋತರು, ಬೇಸಿಗೆ ಕಳೆಯಿತು, ಒಪ್ಪಂದದ ಮೊತ್ತ ಹೊಂದಲಿಲ್ಲವೆಂದು ಅಕ್ಟೋಬರಿನಲ್ಲಿ ಹಾರ್ಡನ್ ಅವರನ್ನು ಹ್ಯೂಸ್ಟನ್‌ಗೆ ಕಳಿಸಿದಿರಿ. 2016ರಲ್ಲಿ ಡ್ಯುರಾಂಟ್ ಹೊರಟರು, 2019ರಲ್ಲಿ ವೆಸ್ಟ್‌ಬ್ರೂಕ್. ಮೂವರೂ ಒಂದಲ್ಲ ಒಂದು ವರ್ಷ ಲೀಗಿನ ಶ್ರೇಷ್ಠರಾದರು. ಮೂವರನ್ನೂ ಬೆಳೆಸಿದ ಊರಿಗೆ ಪಟ್ಟ ಮಾತ್ರ ದಕ್ಕಲಿಲ್ಲ. ಈ ತಿಂಗಳು ಗಿಲ್ಜಸ್-ಅಲೆಕ್ಸಾಂಡರ್, ವಿಲಿಯಮ್ಸ್, ಹೋಮ್‌ಗ್ರೆನ್ ಮೂವರಿಗೂ ಸೇರಿ 82 ಕೋಟಿ ಡಾಲರಿನವರೆಗೆ ಹೋಗಬಹುದಾದ ಒಪ್ಪಂದಗಳಾಗಿವೆ. ಹಳೆಯ ತಪ್ಪು ಮರುಕಳಿಸಲಿಲ್ಲವೆಂದು ಹೃದಯ ತುಂಬಿ ವಂದಿಸುತ್ತೇನೆ. ಆದರೆ ಲೀಗಿನ ಹೊಸ ಸಂಬಳ ಮಿತಿಯ ನಿಯಮಗಳು ಬಿಗಿಯಾಗಿವೆ, ಎಲ್ಲರನ್ನೂ ಉಳಿಸಿಕೊಳ್ಳಲು ಹಣ ಸಾಲದೆ ಬರುತ್ತದೆ. 2026–27ರಲ್ಲಿ ಡಾರ್ಟ್ ಉಳಿಯಬೇಕೋ ಬೇಡವೋ ಎಂಬ ತೀರ್ಮಾನ ತಮ್ಮ ಕೈಯಲ್ಲಿದೆ. ತಮ್ಮ ಬಳಿ ಡ್ರಾಫ್ಟಿನ ಸರದಿಗಳ ದೊಡ್ಡ ದಾಸ್ತಾನಿದೆ, ಅಗ್ಗದ ಹೊಸ ಹುಡುಗರು ಸಿಗುತ್ತಾರೆ. ಲೆಕ್ಕಪುಸ್ತಕ ಏನು ಹೇಳುತ್ತದೆಂದು ನನಗೂ ಗೊತ್ತು.

ಯಾರೂ ಆರಿಸದಿದ್ದವನನ್ನು ತಾವು ಆರಿಸಿದಿರಿ. ಅವರು 152–79ರ ರಾತ್ರಿಯೂ ಆಡಿದರು, 103–91ರ ರಾತ್ರಿಯೂ ಆಡಿದರು. ಅವರನ್ನು ಬಿಡಬೇಡಿ. ಅಕ್ಟೋಬರಿನಲ್ಲಿ ಚಾಂಪಿಯನ್ ಪತಾಕೆ ಮೇಲೇರುವಾಗ, ಆ ಎರಡು ಸೋಲಿನ ವರ್ಷಗಳಲ್ಲಿ ತಮ್ಮ ಜೆರ್ಸಿ ತೊಟ್ಟು, ಈಗ ಬೇರೆಲ್ಲೋ ಆಡುತ್ತಿರುವ ಅಥವಾ ಆಟವನ್ನೇ ಬಿಟ್ಟಿರುವ ಎಲ್ಲ ಹುಡುಗರ ಹೆಸರನ್ನೂ ಧ್ವನಿವರ್ಧಕದಲ್ಲಿ ಒಂದೊಂದಾಗಿ ಕೂಗಿಸಿ. ಅಂದು ನಿಂತವರು ಇಂದೂ ಎದ್ದು ನಿಲ್ಲುತ್ತಾರೆ.

ತಮ್ಮ ವಿಧೇಯ,
ಬೆಂಗಳೂರಿನ ಅಭಿಮಾನಿ