ಘಟ್ಟ ಹತ್ತುವ ಸೈಕಲ್ ಸಾಹೇಬರಿಗೆ ಶಿರೂರಿನಿಂದ ಒಂದು ಬಹಿರಂಗ ಪತ್ರ

ಗೆ,
ಕುದುರೆಮುಖದ ಕಾಡಿನಲ್ಲಿ ಸೈಕಲ್ ಪ್ರವಾಸಕ್ಕೆ ನಕ್ಷೆ ಹಾಕುತ್ತಿರುವ ಬೆಂಗಳೂರಿನ ಸವಾರರಿಗೆ

ವಿಷಯ: ಗುಡ್ಡಗಳು ನಮ್ಮಲ್ಲೂ ಇರುವುದನ್ನು ತಮ್ಮ ಅವಗಾಹನೆಗೆ ತರುವ ಕುರಿತು.

ಸನ್ಮಾನ್ಯರೇ,

ಬಾಗಲಕೋಟೆ ಜಿಲ್ಲೆಯ ಶಿರೂರಿನಿಂದ ಶರಣು. ತಾವು ಕ್ಷೇಮವೆಂದು ನಂಬಿದ್ದೇವೆ. ತಮ್ಮ ಸೈಕಲ್ಲೂ ಕ್ಷೇಮವೇ? ಅದು ಕಾರಿನ ಮೇಲೆ ಕೂತು ಕಾರ್ಕಳದವರೆಗೆ ಬಂದು, ಆಮೇಲೆ ತಮ್ಮನ್ನು ಕೂರಿಸಿಕೊಂಡು ಘಟ್ಟ ಹತ್ತುತ್ತದೆಂದು ಕೇಳಿ ಬಹಳ ಸಂತೋಷವಾಯಿತು. ನಮ್ಮ ಕಡೆ ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಹೋಗುತ್ತದೆ, ಮೇವಿನ ಹೊರೆ ಹೋಗುತ್ತದೆ, ಗುಳೇದಗುಡ್ಡದ ಖಣದ ಗಂಟು ಹೋಗುತ್ತದೆ. ಸೈಕಲ್ಲೇ ಇನ್ನೊಂದು ಗಾಡಿಯ ಮೇಲೆ ಹೋಗುವ ಯೋಗ ಅದಕ್ಕೆ ಇನ್ನೂ ಕೂಡಿ ಬಂದಿಲ್ಲ.

ತಮ್ಮ ಆಯ್ಕೆಗೆ ಹೆಸರಿಡುವಷ್ಟು ದೊಡ್ಡವರು ನಾವಲ್ಲ. ಕುದುರೆಮುಖದ ಶಿಖರ 1,894 ಮೀಟರ್ ಎತ್ತರ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಅಲ್ಲಿದೆ. ಶೋಲಾ ಕಾಡು, ಸಿಂಗಳೀಕ, ಮೈಮೇಲೆ ಬಂದು ಕೂರುವ ಮಂಜು ಎಲ್ಲ ಇವೆ. ಚೆಕ್‌ಪೋಸ್ಟೂ ಇದೆ. ಒಳಗೆ ಹೋಗುವ ಹೊತ್ತು ಬರೆಸಬೇಕು, ಎಲ್ಲೆಂದರಲ್ಲಿ ನಿಲ್ಲುವಂತಿಲ್ಲ. ಈ ನಿಯಮದ ಬಗ್ಗೆ ನಮ್ಮ ತಕರಾರಿಲ್ಲ. ಅದು ಪ್ರಾಣಿಗಳ ಮನೆ. ನೆಂಟರು ಹೊತ್ತು ನೋಡಿ ಎದ್ದು ಹೋಗುವುದೇ ಚೆಂದ. ಬಂಡೀಪುರದಲ್ಲೂ 2009ರಿಂದ ರಾತ್ರಿ ಸಂಚಾರ ಬಂದಾಗಿದೆ. ಒಂದೇ ಸಂಗತಿ ನಗು ತರಿಸುತ್ತದೆ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾದರೂ ಅಲ್ಲಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ತೆಗೆಯುವ ಕೆಲಸ ನಿಂತದ್ದು 2005ರ ಕೊನೆಗೆ. ಗುಡ್ಡ ಅಗೆಯುವವರಿಗೆ ಅಷ್ಟು ವರ್ಷ ಪುರುಸೊತ್ತು ಕೊಟ್ಟ ನಾಡಿನಲ್ಲಿ, ಗುಡ್ಡ ನೋಡಲು ಬಂದ ತಾವು ಗಡಿಯಾರ ನೋಡಿಕೊಂಡು ಪೆಡಲ್ ತುಳಿಯಬೇಕಾಗಿದೆ.

ಅದೇ 1987ರಲ್ಲಿ ನಮ್ಮ ಪಟ್ಟದಕಲ್ಲು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ತಮಗೆ ಪ್ರಪಂಚದ ಮುದ್ರೆ ಬಿದ್ದ ಜಾಗವೇ ಬೇಕೆಂದರೆ ನಮ್ಮ ಹತ್ತಿರ ಅದೂ ಇದೆ ಎಂದು ನಮ್ರವಾಗಿ ತಿಳಿಸುತ್ತೇವೆ. ರಾಷ್ಟ್ರೀಯ ಉದ್ಯಾನ ಮಾತ್ರ ಇಲ್ಲ. ಬೀಳಗಿ, ಮುಧೋಳದ ಕಡೆ ಯಡಹಳ್ಳಿಯಲ್ಲಿ ಚಿಂಕಾರಗಳಿಗೆಂದು 2016ರಲ್ಲಿ ಒಂದು ವನ್ಯಜೀವಿಧಾಮವಾಯಿತು. ನಮ್ಮ ಕಾಡಿನ ಶ್ರೀಮಂತಿಕೆ ಅಷ್ಟೇ. ಎತ್ತರದ ವಿಚಾರದಲ್ಲೂ ನಾವು ಬಡವರು. ಬಾದಾಮಿ ಇರುವುದು ಸಮುದ್ರಮಟ್ಟದಿಂದ 586 ಮೀಟರ್ ಮೇಲೆ. ಆದರೂ ಆ ಕೆಂಪು ಮರಳುಗಲ್ಲಿಗೆ ಹಗ್ಗ ಹಾಕಿ ಹತ್ತಲು ಯುರೋಪಿನ ಜನ ಬರುತ್ತಾರೆ. ಅವರಿಗೆ ಕಂಡ ಗುಡ್ಡ ಬೆಂಗಳೂರಿಗೆ ಕಾಣದಿದ್ದರೆ ಅದು ಗುಡ್ಡದ್ದೇ ತಪ್ಪಿರಬೇಕು.

ದಾರಿ ಹೇಳುತ್ತೇವೆ, ಬರೆದುಕೊಳ್ಳಿ. ಬಾಗಲಕೋಟೆಯಲ್ಲಿ ರೈಲು ಇಳಿಯಿರಿ. ಶಿರೂರಿನಲ್ಲಿ ಚಹಾ ಕುಡಿದು ಗುಳೇದಗುಡ್ಡದ ಕಡೆ ತಿರುಗಿ. ಗುಡ್ಡ ದಾಟಿ ಬಾದಾಮಿ ಸೇರಿ. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಕ್ರಿ.ಶ. 578ರದ್ದು. ಬನಶಂಕರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಕಾಳುಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ತಾವು ಜೇಬಿನಲ್ಲಿ ಹೊತ್ತು ತರುವ ಎನರ್ಜಿ ಬಾರು ಆ ಬುಟ್ಟಿಯ ಮುಂದೆ ಹೊರಗೆ ಬರಲು ನಾಚುತ್ತದೆ. ಮಹಾಕೂಟದ ಹೊಂಡದಲ್ಲಿ ಮೈ ತಣ್ಣಗೆ ಮಾಡಿಕೊಳ್ಳಿ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್. ಅಲ್ಲಿಂದ ಮಲಪ್ರಭೆಯ ಕಡೆಯ ಹೊಲಗಳ ನಡುವೆ ಐಹೊಳೆ ಇನ್ನೊಂದು 13–14. ಮೇಗುತಿಯ ಗುಡ್ಡ ಹತ್ತಿದರೆ ಕ್ರಿ.ಶ. 634ರ ರವಿಕೀರ್ತಿಯ ಶಾಸನ. ಬರುವಾಗ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಕಮತಗಿ ಮೇಲೆ ಮತ್ತೆ ಶಿರೂರಿಗೆ ಬನ್ನಿ. ಇಷ್ಟು ಸಣ್ಣ ಸುತ್ತಿನಲ್ಲಿ ಇಷ್ಟು ಚಾಲುಕ್ಯರು ತಮಗೆ ಬೇರೆಲ್ಲೂ ಸಿಗುವುದಿಲ್ಲ.

ಸಾಹಸ ಸಾಲದು ಎಂದು ಅಂಜಬೇಡಿ, ಅದರ ವ್ಯವಸ್ಥೆ ಬೇಕಾದಷ್ಟಿದೆ. ಮಳೆಗಾಲದಲ್ಲಿ ಎರಿ ಹೊಲದ ದಾರಿಗೆ ಇಳಿದರೆ ಮಣ್ಣು ಮಡ್‌ಗಾರ್ಡಿಗೂ ಗಾಲಿಗೂ ನಡುವೆ ತುಂಬಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರಿಸುತ್ತದೆ. ರಸ್ತೆಯ ಅಂಚಿಗೆ ಜಾಲಿಮುಳ್ಳು ಕಾದಿರುತ್ತದೆ; ಟ್ಯೂಬು ಸ್ವದೇಶಿಯೋ ವಿದೇಶಿಯೋ ಎಂದು ಅದು ಭೇದ ಮಾಡುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಬರುತ್ತದೆ. ಹಿಂದಿನಿಂದ ದೀಪವಿಲ್ಲ, ಮುಂದಿನಿಂದ ದಾರಿಯಿಲ್ಲ. ಇಳಕಲ್ಲಿನ ಗ್ರಾನೈಟ್ ಹೊತ್ತ ಲಾರಿ ಹಾರ್ನ್ ಹೊಡೆದರೆ ಕೆಳಗಿಳಿಯುವುದು ಸೈಕಲ್ಲಿನವನ ಧರ್ಮ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕುದುರೆಮುಖದಲ್ಲಿ ಇಷ್ಟೆಲ್ಲ ಸೌಲಭ್ಯ ಎಲ್ಲಿದೆ, ಹೇಳಿ?

ಒಂದು ಮಾತು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಹೆಲ್ಮೆಟ್ಟು, ಕರಿ ಕನ್ನಡಕ, ಮೈಗಂಟಿದ ಬಟ್ಟೆ ಹಾಕಿಕೊಂಡು ಬಂದರೆ ನಮ್ಮ ಹಿರಿಯರು ಕಟ್ಟೆಯಿಂದ ಎದ್ದು ಬಂದು, “ಯಾಕ್ರೀ ಸಾಹೇಬ್ರ, ಕಾರ್ ಕೆಟ್ಟೈತೇನ್ರಿ?” ಎಂದು ಕಳವಳದಿಂದ ಕೇಳಿಯಾರು. ತಪ್ಪು ತಿಳಿಯಬೇಡಿ. ಕಾರಿದ್ದವರು ಬೇಕೆಂದೇ ಸೈಕಲ್ ತುಳಿಯುತ್ತಾರೆಂಬುದು ಅವರ ಅನುಭವದಲ್ಲಿಲ್ಲ. ಅವರ ಕಾಲದಲ್ಲಿ ಸೈಕಲ್ ಇದ್ದವನು ಸೈಕಲ್ ತುಳಿದ, ಮೋಟಾರ್ ಸೈಕಲ್ ಬಂದ ದಿನ ಅದನ್ನು ಗೋಡೆಗೆ ಆನಿಸಿಟ್ಟ. ತಾವು ತುಳಿದರೆ ಸಾಹಸ, ಪತ್ರಿಕೆಯಲ್ಲಿ ಫೋಟೋ. ಕಮತಗಿಯ ನೇಕಾರ ಅದೇ ಏರು ತುಳಿದರೆ ಅವನಿಗಿನ್ನೂ ಗಾಡಿ ಕೊಳ್ಳಲಾಗಿಲ್ಲ ಎಂಬ ಕನಿಕರ. ಕಾಲಿನ ನೋವು ಮಾತ್ರ ಇಬ್ಬರಿಗೂ ಒಂದೇ.

ಇನ್ನೊಂದು ಗುಟ್ಟು. ತಮ್ಮನ್ನು ಹಿಂದೆ ಹಾಕಿ ಹೋಗುವ ಹುಡುಗಿಯರೂ ಈ ರಸ್ತೆಯಲ್ಲಿ ಸಿಕ್ಕಾರು, ಎದೆಗುಂದಬೇಡಿ. ಬಾಗಲಕೋಟೆಯಲ್ಲೂ ವಿಜಯಪುರದಲ್ಲೂ ಕ್ರೀಡಾ ಇಲಾಖೆಯ ಸೈಕ್ಲಿಂಗ್ ವಸತಿನಿಲಯಗಳಿವೆ. ರೈತರ, ಕೂಲಿಕಾರರ ಮಕ್ಕಳು ಅಲ್ಲಿ ಪಳಗಿ ರಾಷ್ಟ್ರೀಯ ಪದಕ ತರುತ್ತಾರೆ. ವಿಜಯಪುರದ ವೆಲೊಡ್ರೋಮಿನ ಕೆಲಸ ವರ್ಷಗಟ್ಟಲೆ ಕುಂಟಿತು. ಆ ಮಕ್ಕಳು ಅದಕ್ಕೆ ಕಾಯದೆ ಲಾರಿ ಓಡುವ ರಸ್ತೆಯಲ್ಲೇ ಬೆಳಗಿನ ಜಾವ ಅಭ್ಯಾಸ ಮಾಡಿ ಗೆದ್ದರು. ಹಾಗಾಗಿ ಈ ಸೀಮೆಯಲ್ಲಿ ಸೈಕಲ್ ಸಂಸ್ಕೃತಿ ಬೆಳೆಸಬೇಕೆಂದು ತಾವು ಭಾಷಣ ಸಿದ್ಧ ಮಾಡಿಕೊಂಡಿದ್ದರೆ ಅದನ್ನು ಬೇರೆ ಊರಿಗೆ ಉಳಿಸಿಕೊಳ್ಳಬಹುದು.

ಬೆಳೆದದ್ದನ್ನು ಕಳೆಯುವ ಕೆಲಸವಂತೂ ಚೆನ್ನಾಗಿ ನಡೆದಿದೆ. ಎಂಟನೆಯ ಇಯತ್ತೆಯ ಮಕ್ಕಳಿಗೆ ಸರ್ಕಾರ 2006–07ರಿಂದ ಸೈಕಲ್ ಕೊಡುತ್ತಿತ್ತು. ಹೈಸ್ಕೂಲು ಪಕ್ಕದೂರಲ್ಲಿ ಇದ್ದುದಕ್ಕೇ ಶಾಲೆ ಬಿಡಬೇಕಾಗಿದ್ದ ಎಷ್ಟೋ ಹುಡುಗಿಯರು ಅದನ್ನು ಏರಿ ಹತ್ತನೆಯ ಇಯತ್ತೆ ಮುಗಿಸಿದರು. ಕೊರೊನಾ ಬಂದಾಗ ಸೈಕಲ್ ಕೊಡುವುದು ನಿಂತಿತು. ಶಾಲೆಯ ಬಾಗಿಲು ತೆರೆದರೂ ಯೋಜನೆಯ ಬಾಗಿಲು ಹಾಕಿಯೇ ಉಳಿಯಿತು. ಪ್ರವಾಸಿ ಸೈಕಲ್ ಪಥದ ಬಣ್ಣದ ನಕ್ಷೆಗಳು ಮಾತ್ರ ಆಗಾಗ ಮುದ್ರಣವಾಗುತ್ತವೆ. ನಕ್ಷೆಯಲ್ಲಿ ಗುಂಡಿ ಇರುವುದಿಲ್ಲ, ಅದೊಂದು ಅನುಕೂಲ.

ಆದ್ದರಿಂದ ತಮ್ಮಲ್ಲಿ ನಮ್ಮದೊಂದು ಕೋರಿಕೆ, ಇದರಲ್ಲಿ ವ್ಯಂಗ್ಯವಿಲ್ಲ. ತಮ್ಮ ಮಾತು ವಿಧಾನಸೌಧಕ್ಕೆ ಕೇಳಿಸುತ್ತದೆ, ನಮ್ಮದು ಗದ್ದನಕೇರಿ ದಾಟುವುದಿಲ್ಲ. ಒಮ್ಮೆ ಬಂದು ಈ ಸುತ್ತು ತುಳಿಯಿರಿ. ಹೋಗಿ ಎರಡೇ ಸಂಗತಿ ಕೇಳಿ. ಬಾಗಲಕೋಟೆಯಿಂದ ಶಿರೂರು, ಗುಳೇದಗುಡ್ಡ, ಬಾದಾಮಿ, ಪಟ್ಟದಕಲ್ಲು, ಐಹೊಳೆಯವರೆಗೆ ರಸ್ತೆಯ ಎರಡೂ ಬದಿಗೆ ಸೈಕಲ್ ಹೋಗುವಷ್ಟು ಅಗಲ ಡಾಂಬರು ಹಾಕಿಸಿ, ಜಾಲಿಕಂಟಿ ಕಡಿಸಿ. ಎಂಟನೆಯ ಇಯತ್ತೆಯ ಮಕ್ಕಳ ಸೈಕಲ್ಲು ಮರಳಿ ಕೊಡಿಸಿ. ತಮ್ಮಂಥ ಪ್ರವಾಸಿಗೆ ಆ ದಾರಿ ಎರಡು ದಿನ ಸಾಕು. ಶಾಲೆಯ ಹುಡುಗಿಗೆ, ನೇಕಾರನಿಗೆ, ಹಾಲಿನವನಿಗೆ ಅದು ದಿನಾ ಬೇಕು.

ತಮ್ಮ ವಿಶ್ವಾಸಿ,
ಶಿರೂರಿನ ಒಬ್ಬ ಸೈಕಲ್ ಸವಾರ