ಮಾಸ್ಟರ್ ಟ್ರೇನರ್ ಸಾಹೇಬರಿಗೆ ಕಣಕುಂಬಿಯಿಂದ ಹಾಲ್ ಟಿಕೆಟ್

ಬೆಳಗಾವಿಯ ಭಾಷಣ ಕಲಾ ಗುರುಗಳು, ಮಾಸ್ಟರ್ ಟ್ರೇನರ್ ಸಾಹೇಬರಿಗೆ,



ಚನ್ನಮ್ಮ ವೃತ್ತದ ಹತ್ತಿರ ಕಟ್ಟಿದ ನಿಮ್ಮ ಫ್ಲೆಕ್ಸ್ ನೋಡಿ ಪಾವನನಾದೆ. ಕೋಟು, ಟೈ, ಕಿವಿಯಿಂದ ಕೆನ್ನೆಗೆ ಇಳಿದ ಮೈಕು, ಮೇಲೆತ್ತಿದ ತೋರುಬೆರಳು. ಶನಿವಾರ, ರವಿವಾರ ಎರಡೇ ದಿನದ ತರಬೇತಿ. ಶನಿವಾರ ನಮ್ಮ ಸಭಾಕಂಪ ಹೋಗುತ್ತದೆ. ರವಿವಾರ ಸಂಜೆಯೊಳಗೆ ಮಂದಿಯ ಸಭಾಕಂಪ ಬಿಡಿಸುವ ಅಧಿಕಾರಪತ್ರವೇ ಕೈಗೆ ಬರುತ್ತದೆ. ಊಟ, ಚಹಾ, ಫೈಲು, ಪೆನ್ನು ಎಲ್ಲ ಫೀಯಲ್ಲೇ ಬಂತು.

ಅಂದಿನಿಂದ ನನಗೆ ಸರ್ಕಾರದ ಮೇಲೇ ಸಿಟ್ಟು. ಒಂದನೇ ಇಯತ್ತೆಯ ಕೂಸಿಗೆ ಅ ಆ ಇ ಈ ಕಲಿಸಬೇಕಾದರೆ ಡಿ.ಎಲ್.ಎಡ್ ಆಗಬೇಕು, ಟಿಇಟಿ ಪಾಸಾಗಬೇಕು (150 ಪ್ರಶ್ನೆ, 150 ಅಂಕ, ಸಾಮಾನ್ಯ ವರ್ಗದವರಿಗೆ 90 ಬಂದರೆ ಬದುಕಿದರು), ಆಮೇಲೆ ನೇಮಕಾತಿಗೆ ಇನ್ನೊಂದು ಪರೀಕ್ಷೆ. ತಮಾಷೆ ಏನೆಂದರೆ ಟಿಇಟಿಯಲ್ಲಿ ಅಭ್ಯರ್ಥಿ ಒಂದು ಸಲವೂ ಬಾಯಿ ಬಿಡಬೇಕಿಲ್ಲ. ಓಎಂಆರ್ ಹಾಳೆಯ ಮೇಲೆ ಗುಂಡಗೆ ಮಸಿ ತುಂಬಿದರೆ ಸಾಕು. ದಿನಕ್ಕೆ ಐದಾರು ತಾಸು ಮಾತಾಡಿಯೇ ಹೊಟ್ಟೆ ಹೊರೆಯಬೇಕಾದವರಿಗೆ ಮೂಕ ಪರೀಕ್ಷೆ! ನಿಮಗಾದರೆ ಅದೂ ಇಲ್ಲ, ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಜೇಸಿ ಸಂಸ್ಥೆಯವರು ವಲಯ ತರಬೇತುದಾರ, ರಾಷ್ಟ್ರೀಯ ತರಬೇತುದಾರ ಎಂದು ಮೆಟ್ಟಿಲು ಕಟ್ಟಿಕೊಂಡು ಏದುಸಿರು ಬಿಡುತ್ತಾ ಹತ್ತುತ್ತಾರೆ. ಲಂಡನ್ನಿನ ಟ್ರಿನಿಟಿ ಕಾಲೇಜು ಮಾತು ಕಲಿಸುವವರಿಗೆಂದೇ ಡಿಪ್ಲೊಮಾ ಇಟ್ಟು ಪರೀಕ್ಷಕರ ಎದುರು ಕೂರಿಸುತ್ತದೆ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನಲ್ಲಂತೂ ಗುರುವೇ ಇಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಅವರ ‘ಆಂ... ಊಂ...’ಗಳನ್ನು ಎಣಿಸುತ್ತಾ ಕೂರುತ್ತಾರೆ. ಪಾಪ, ಆ ಸೀಮೆಯಲ್ಲಿ ಫ್ಲೆಕ್ಸ್ ಅಂಗಡಿ ಇರಲಿಲ್ಲವೆಂದು ಕಾಣುತ್ತದೆ.

ನಿಮ್ಮ ಮೊದಲನೆಯ ಸ್ಲೈಡು ನನಗೆ ಬಾಯಿಪಾಠ. ಸಂವಹನದಲ್ಲಿ ಪದಗಳ ಪಾಲು ಶೇ 7, ದನಿಯದು ಶೇ 38, ಹಾವಭಾವದ್ದು ಶೇ 55. ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನಶ್ಶಾಸ್ತ್ರಜ್ಞ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಹೊರಟ ಲೆಕ್ಕ ಇದು. ಬಿಡಿ ಪದಗಳನ್ನು ಬೇರೆಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಆಡಿದವರಿಗೆ ಎದುರಿನವರ ಮೇಲೆ ಅಕ್ಕರೆಯೋ ಅಸಡ್ಡೆಯೋ ಊಹಿಸಿ ಎಂದ ಪ್ರಯೋಗ. ಭಾಷಣದ ಸುದ್ದಿ ಅದರಲ್ಲಿಲ್ಲ. ಇದನ್ನು ಎಲ್ಲ ಮಾತಿಗೂ ಅಂಟಿಸಬೇಡಿ ಎಂದು ಆತನೇ ಹೇಳಿದ್ದಾನೆ. ಆದರೆ ಆತ ಮೆಲ್ಲಗೆ ಹೇಳಿದ. ನೀವು ಮೈಕಿನಲ್ಲಿ ಹೇಳುತ್ತೀರಿ.

ಅದೇ 1967ರಲ್ಲಿ ನಮ್ಮ ಗಡಿ ತಕರಾರಿನ ಮಹಾಜನ್ ಆಯೋಗವೂ ವರದಿ ಕೊಟ್ಟಿತು. ಯಾವ ಊರಲ್ಲಿ ಕನ್ನಡ ಎಷ್ಟು, ಮರಾಠಿ ಎಷ್ಟು ಎಂದು ತಲೆ ಎಣಿಸಿ ಎಣಿಸಿ ಸುಸ್ತಾದರು. ಪದಗಳದ್ದು ಬರೀ ಶೇ 7 ಎಂದು ಅವರಿಗೆ ನೀವೊಂದು ತಾರು ಕಳಿಸಬೇಕಿತ್ತು ಸಾಹೇಬರೇ. ಶೇ 93ರಲ್ಲಿ ನಾವೆಲ್ಲ ಹೇಗೂ ಒಂದೇ; ಉಳಿದ ಏಳಕ್ಕಾಗಿ 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಬಿದ್ದಿರುವುದು ಎಂಥ ದುಂದು!

ಹಿಂದಿನ ಕಾಲದಲ್ಲಿ ಬೆಳಗಾವಿಯ ಭಾಷಣಕ್ಕೆ ಸರ್ಟಿಫಿಕೇಟು ಕೊಡುತ್ತಿದ್ದುದು ಬ್ರಿಟಿಷ್ ಸರ್ಕಾರ. 1916ರ ಮೇ 1ರಂದು ಟಿಳಕರು ಇಲ್ಲಿ ಸ್ವರಾಜ್ಯದ ಬಗ್ಗೆ ಮಾತಾಡಿದರು. ಅದನ್ನೂ, ಆಮೇಲೆ ಅಹಮದ್‌ನಗರದಲ್ಲಿ ಆಡಿದ ಮಾತುಗಳನ್ನೂ ಸೇರಿಸಿ ಪುಣೆಯ ಮ್ಯಾಜಿಸ್ಟ್ರೇಟರು, 20,000 ರೂಪಾಯಿಗೆ ಮುಚ್ಚಳಿಕೆ ಬರೆದುಕೊಡಿ, ತಲಾ 10,000ಕ್ಕೆ ಇಬ್ಬರು ಜಾಮೀನುದಾರರನ್ನು ತನ್ನಿ, ಒಂದು ವರ್ಷ ಸದ್ವರ್ತನೆಯಿಂದಿರಿ ಎಂದರು. ಜಿನ್ನಾ ಹೈಕೋರ್ಟಿನಲ್ಲಿ ವಾದಿಸಿದ ಮೇಲೆ ಅದೇ ವರ್ಷ ನವೆಂಬರಿನಲ್ಲಿ ಆ ಆದೇಶ ಬಿದ್ದುಹೋಯಿತು. ನಿಮ್ಮಲ್ಲಿ ಕಲಿತವರ ಪೈಕಿ ಎಷ್ಟು ಮಂದಿಯಿಂದ ಮುಚ್ಚಳಿಕೆ ಬರೆಸಿಕೊಂಡಿದ್ದಾರೆ? ಬ್ರೋಷರಿನಲ್ಲಿ ಪ್ಲೇಸ್‌ಮೆಂಟ್ ವಿವರ ಕಾಣಲಿಲ್ಲ.

ಇನ್ನು 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಕೂತ ಗಾಂಧೀಜಿ. ಮುಂಬಯಿಯ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತು, ಮಾತು ಹೊರಡದೆ ಕೂತು, ನನ್ನ 30 ರೂಪಾಯಿ ಫೀ ವಾಪಸ್ ತಗೊಳ್ಳಿ ಎಂದವರು. ಅವರ ಕಥೆಯನ್ನು ನೀವು ಪ್ರತಿ ಶನಿವಾರ ಹೇಳುತ್ತೀರಂತೆ, ಸಂತೋಷ. ಫೀ ವಾಪಸ್ ಕೊಡುವ ಭಾಗ ಬಂದಾಗ ಮಾತ್ರ ಚಹಾಕ್ಕೆ ಬಿಡುತ್ತೀರಂತೆ.

ಚಳಿಗಾಲದ ಅಧಿವೇಶನದ ಹೊತ್ತಿಗೆ ಒಮ್ಮೆ ಕೊಂಡಸಕೊಪ್ಪದ ಧರಣಿ ಟೆಂಟುಗಳ ಕಡೆ ಬನ್ನಿ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದ ಒಳಗೆ ಮಾತಾಡಿದವರಿಗೆ ಭತ್ಯೆ, ಹೊರಗೆ ಮಾತಾಡಿದವರಿಗೆ ಬ್ಯಾರಿಕೇಡ್. ಸಚಿವರು ಬಂದು ಐದು ನಿಮಿಷ ನಿಲ್ಲುತ್ತಾರೆ, ಅರ್ಧ ಕಣ್ಣು ಫೋನಿನ ಮೇಲೆ. ಆ ಐದು ನಿಮಿಷದಲ್ಲಿ ಅಂಗನವಾಡಿಯ ಒಬ್ಬ ಹೆಣ್ಣುಮಗಳು ಗೌರವಧನ, ಪಿಂಚಣಿ, ಬಾಡಿಗೆ ಕಟ್ಟಡ, ಕೆಟ್ಟ ಮೊಟ್ಟೆ ಎಲ್ಲ ಹೇಳಿ, ‘ಹೋದ ವರ್ಷನೂ ಹಿಂಗ ಅಂದಿದ್ರಿ’ ಎಂದು ಮುಗಿಸಿಬಿಡುತ್ತಾಳೆ. ಕಾಗದ ಇಲ್ಲ, ತೋರುಬೆರಳಿಲ್ಲ. ಸಚಿವರ ಕಣ್ಣು ಫೋನಿನಿಂದ ಏಳುತ್ತದೆ. ಇನ್ನೊಂದು ಟೆಂಟಿನಲ್ಲಿ ಅತಿಥಿ ಉಪನ್ಯಾಸಕರು. ನೆಟ್, ಕೆ-ಸೆಟ್, ಪಿಎಚ್.ಡಿ. ಎಲ್ಲ ಇದೆ, ಕಾಯಂ ನೌಕರಿಯೊಂದಿಲ್ಲ. ಅರ್ಹತೆ ಇದ್ದವರು ಜಮಖಾನದ ಮೇಲೆ, ಅರ್ಹತೆ ಹಂಚುವವರು ಎಸಿ ಹಾಲಿನಲ್ಲಿ. ಅವರಿಗೊಂದು ರಿಯಾಯಿತಿ ಬ್ಯಾಚ್ ಮಾಡಿಬಿಡಿ, ಪುಣ್ಯ ಬರುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಖಾನಾಪುರದಲ್ಲಿ ಕುಂಬಾರಿಕೆ ಕಲಿಸುವ ಸಂಸ್ಥೆಯಿದೆ. ಅಲ್ಲಿ ಕಲಿತವನ ಗಡಿಗೆ ಸೋರಿದರೆ ಸರ್ಟಿಫಿಕೇಟು ಒತ್ತಿ ತೂತು ಮುಚ್ಚಲಾಗದು. ನಿಮಗೂ ಅಂಥದೊಂದು ಪರೀಕ್ಷೆ ಇಡೋಣ ಎಂದು ಈ ಭಾಗದ ಕೇಳುಗರು ತೀರ್ಮಾನಿಸಿದ್ದೇವೆ.

ಪರೀಕ್ಷಾ ಕೇಂದ್ರ ಕಣಕುಂಬಿ, ಮಲಪ್ರಭೆ ಹುಟ್ಟುವ ಊರು. ತಿಂಗಳು ಜುಲೈ. ತಗಡು ಹೊದಿಸಿದ ಕೋಣೆ. ಮೇಲೆ ಮಳೆ ಹೊಡೆಯುತ್ತಿರುವಾಗ ನಿಮ್ಮ ಮಾತು ಕಡೇ ಸಾಲಿನ ಹುಡುಗಿಗೆ ಕೇಳಬೇಕು. ಮೈಕಿಲ್ಲ. ಕರೆಂಟು ತೆಗೆಸುವ ಏರ್ಪಾಡನ್ನು ನಾವು ಪ್ರತ್ಯೇಕವಾಗಿ ಮಾಡಬೇಕಿಲ್ಲ, ಅದು ತಾನೇ ಹೋಗಿರುತ್ತದೆ. ಹುಡುಗಿಯ ಮನೆಮಾತು ಕೊಂಕಣಿಯೋ ಮರಾಠಿಯೋ ಇರಬಹುದು. ನೀವು ಕನ್ನಡದಲ್ಲೇ ಮಾತಾಡಿ, ಫ್ಲೆಕ್ಸಿನಲ್ಲಿದ್ದ ಇಂಗ್ಲಿಷಿನಲ್ಲಾದರೂ ಮಾತಾಡಿ. ಶೇ 93 ತಿಳಿಯಲೇಬೇಕು, ನಿಮ್ಮದೇ ಲೆಕ್ಕ. ಇಂಥ ಕಡೆಯ ಶಾಲೆಗಳ ಅಕ್ಕೋರು ಈ ಪರೀಕ್ಷೆಯನ್ನು ಮಳೆಗಾಲವಿಡೀ ಕೊಡುತ್ತಾರೆ. ಬಿಸಿಯೂಟದ ಲೆಕ್ಕದ ವಹಿ ಕೈಯಲ್ಲಿರುವುದರಿಂದ ಅವರಿಗೆ ತೋರುಬೆರಳು ಎತ್ತಲು ಆಗಿಲ್ಲ, ಅಷ್ಟೇ.

ಮೌಖಿಕ ಪರೀಕ್ಷೆ ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ. ಕಡೇ ಬಸ್ಸು ರದ್ದಾಗಿದೆ ಎಂದು ಕಂಟ್ರೋಲರ್ ಪರವಾಗಿ ಜನರಿಗೆ ನೀವು ತಿಳಿಸಬೇಕು. ಕೋಟು ಹರಿಯದೆ ಹೊರಗೆ ಬಂದರೆ ಪ್ರಥಮ ದರ್ಜೆ.

ಮೌಲ್ಯಮಾಪಕರು ಮೂರನೇ ಇಯತ್ತೆಯ ಮಕ್ಕಳು. ಚಪ್ಪಾಳೆಗೆ ಅಂಕವಿಲ್ಲ, ಯಾರೇ ಅತಿಥಿ ಬಂದು ಮಾತು ನಿಲ್ಲಿಸಿದರೂ ಅವು ಚಪ್ಪಾಳೆ ಹೊಡೆಯುತ್ತವೆ, ನಿಲ್ಲಿಸಿದ್ದಕ್ಕೇ ಹೊಡೆಯುತ್ತವೆ. ಮರುದಿನ ನೀವು ಏನು ಹೇಳಿದಿರಿ ಎಂದು ಅವುಗಳನ್ನು ಕೇಳುತ್ತೇವೆ. ಅವು ಹೇಳಿದ್ದು ಎಷ್ಟೋ, ಅಂಕ ಅಷ್ಟೇ.

ಬೆಳಗಾವಿಯಿಂದ ಬರುವಾಗ ಜಾಂಬೋಟಿ ರಸ್ತೆ ಹಿಡಿಯಿರಿ, ಬೂಟು ಬೇಡ, ಛತ್ರಿ ಗಟ್ಟಿಯಾದದ್ದಿರಲಿ. ಪಾಸಾದರೆ ಪ್ರಮಾಣಪತ್ರ ನಾವೂ ಕೊಡುತ್ತೇವೆ. ಲ್ಯಾಮಿನೇಷನ್ ಖರ್ಚು ನಿಮ್ಮದು.

ಇಂತಿ ತಮ್ಮ ವಿಶ್ವಾಸಿ,
ಖಾನಾಪುರ ತಾಲೂಕಿನ ಒಬ್ಬ ಕಾಯಂ ಶ್ರೋತೃ